ಅಂಚಿನಲ್ಲಿ ಪೆನ್ಸಿಲ್

ತೊಂಬತ್ತಾರು ಪುಟ. ಮೊದಲು ನೋಡಿದ್ದೇ ಅದನ್ನ.
ಬೆನ್ನು ನನ್ನ ಕಿರುಬೆರಳಿಗಿಂತ ಸಣ್ಣ,
ಅಕ್ಷರ ಮಾತ್ರ ದಪ್ಪ, ಸಾಲುಗಳ ನಡುವೆ
ಉಸಿರಾಡುವಷ್ಟು ಜಾಗ.
'ಇದೊಂದು ತಗೊಂಡು ಹೋಗು, ಆದಿಲ್ಸನ್,'
ಅಂದರು ಲೈಬ್ರರಿಯ ಕೋವಲ್ ಮೇಡಂ,
'ಓದದಿದ್ದರೂ ಅಡ್ಡಿಯಿಲ್ಲ, ಟೇಬಲ್ ಕಾಲಿನ ಕೆಳಗಿಡು.'

ನಮ್ಮ ಟೇಬಲ್ ಅಲುಗಾಡುತ್ತದೆಂದು
ಅವರಿಗೆ ಹೇಗೆ ಗೊತ್ತಾಯಿತೋ.

ನ್ಯೂ ಬೆಡ್‌ಫರ್ಡಿನ ದಕ್ಕೆಯಲ್ಲಿ
ನಾನು ದೋಣಿಗಳ ಹೆಸರು ಓದುತ್ತೇನೆ,
ಐಸ್ ಲಾರಿಯ ನಂಬರು ಓದುತ್ತೇನೆ,
ಅಮ್ಮ ಬಚ್ಚಿಟ್ಟ ಬಾಡಿಗೆ ನೋಟೀಸನ್ನು
ಮಡಿಕೆ ಬಿಚ್ಚದೆಯೇ ಓದುತ್ತೇನೆ.
ಶಾಲೆಯ ಪಟ್ಟಿಯಲ್ಲಿ ಮಾತ್ರ ನಾನು
ಓದದ ಹುಡುಗ.

ಕಥೆಯಲ್ಲಿ ಒಬ್ಬ ಹುಡುಗ, ಹದಿಮೂರು ವರ್ಷ, ನನ್ನಷ್ಟೇ.
ಮಾಟಗಾತಿ ಇಲ್ಲ, ಡ್ರ್ಯಾಗನ್ ಇಲ್ಲ,
ಕೊನೆಗೆ ಅವನು ರಾಜಕುಮಾರ ಅಂತ ತಿಳಿಯುವುದೂ ಇಲ್ಲ.
ಅವನ ಅಪ್ಪ ಮೀನುದೋಣಿಯಲ್ಲಿ ಕೆಲಸ.
ಹನ್ನೊಂದನೇ ಪುಟದಲ್ಲಿ ಅವನು ಸ್ಕ್ಯಾಲಪ್ ಚಿಪ್ಪು ಬಿಡಿಸುತ್ತಾನೆ,
ಚಾಕುವಿನ ಮೊನೆ ಅಂಗೈಗೆ ತಿರುಗಿಸಿಕೊಂಡು!
ನಾನು ಎದ್ದು ಕೂತೆ.
ಪೆನ್ಸಿಲ್ ಹುಡುಕಿ ಅಂಚಿನಲ್ಲಿ ಬರೆದೆ:
'ಇಷ್ಟು ಹೊತ್ತಿಗೆ ಇವನ ಹೆಬ್ಬೆರಳು ಬಕೆಟ್ಟಿನಲ್ಲಿರುತ್ತಿತ್ತು.'

ಆಮೇಲೆ ಓದಿದ್ದು ಬರೀ ತಪ್ಪು ಹಿಡಿಯಲು, ದೇವರಾಣೆ.
ಪುಟ ಹದಿನೇಳು: ಇಂಥ ಗಾಳಿಗೆ ಯಾರೂ ಬಂದರು ಬಿಡುವುದಿಲ್ಲ.
ಇಪ್ಪತ್ತಮೂರು: ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಬೇಕು,
ಬರೆದವರಿಗೆ ಯಾರೂ ಹೇಳಲಿಲ್ಲವೇ?
ಮೂವತ್ತು: ಸೀಗಲ್ ಹಾಡುವುದಿಲ್ಲ. ಬೈಯುತ್ತದೆ.
ತಂಗಿ ಝುಲ್ಮೀರಾ ಬಾಗಿಲಲ್ಲಿ ಇಣುಕಿ ಕೂಗಿದಳು:
'ಅಮ್ಮಾ, ಇವನಿಗೆ ಜ್ವರ ಬಂದಿದೆ.
ಓದ್ತಾ ಇದಾನೆ.'

ಐವತ್ತೆಂಟನೇ ಪುಟ.
ರಾತ್ರಿ ಅಪ್ಪನ ಗಾಡಿ ಮನೆಮುಂದೆ ನಿಲ್ಲುತ್ತದೆ.
ಹುಡುಗ ಹಾಸಿಗೆಯಲ್ಲೇ ಎಣಿಸುತ್ತಾನೆ:
ಗಾಡಿಯ ಬಾಗಿಲು ಒಂದೇ ಸಲ ಬಡಿದರೆ ಒಳ್ಳೆಯ ರಾತ್ರಿ.
ಎರಡು ಸಲವಾದರೆ, ಕೀಲಿಕೈ ಕೆಳಗೆ ಬಿದ್ದರೆ,
ಗೋಡೆ ಕಡೆ ಹೊರಳಿ ನಿದ್ದೆಯ ಉಸಿರು ಬಿಡಬೇಕು,
ಉದ್ದಕ್ಕೆ, ಸಮನಾಗಿ,
ನಡುವೆ ಉಗುಳು ನುಂಗಬಾರದು.

ಪೆನ್ಸಿಲ್ ಕೈಯಲ್ಲೇ ಇತ್ತು.
ತಪ್ಪೆಲ್ಲಿ ಅಂತ ಮತ್ತೆ ಓದಿದೆ. ಮತ್ತೊಮ್ಮೆ ಓದಿದೆ.
ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.
ಪುಸ್ತಕ ತಿರುಗಿಸಿದರೆ ಹಿಂದೆ ಒಂದು ಫೋಟೋ:
ಕನ್ನಡಕ, ನರೆಗೂದಲು, ಮಡಿಲಲ್ಲಿ ಬೆಕ್ಕು.
ಓಹಾಯೊದವರಂತೆ. ಅಲ್ಲಿ ಸಮುದ್ರವೇ ಇಲ್ಲ.
ಚಾಕು ಹಿಡಿಯಲು ಬಾರದ ಈ ಅಜ್ಜಿಗೆ
ಉಗುಳಿನ ವಿಷಯ ಹೇಳಿದವರು ಯಾರು?

ಬುಧವಾರ ಪುಸ್ತಕ ಹಿಂದಿರುಗಿಸಿದೆ.
ಮೇಡಂ ಹಾಳೆ ತಿರುವಿದರು, ದಂಡ ಬೀಳುತ್ತದೆ ಅಂದುಕೊಂಡೆ.
'ಸೀಗಲ್ ಬಗ್ಗೆ ನೀನು ಹೇಳಿದ್ದೇ ಸರಿ,' ಅಂದು ನಕ್ಕರು.
ಆಮೇಲೆ, 'ಐವತ್ತೇಳರ ನಂತರ ಏನೂ ಬರೆದಿಲ್ಲ.
ಅಲ್ಲಿಗೇ ಬಿಟ್ಟೆಯಾ?'
'ಇಲ್ಲ. ಮುಗಿಸಿದೆ.'
ಅವರು ನನ್ನ ಮುಖ ನೋಡಲಿಲ್ಲ, ಒಳ್ಳೆಯದಾಯಿತು.
ಡ್ರಾಯರಿನಿಂದ ಒಂದು ಹೊಸ ಪೆನ್ಸಿಲ್ ತೆಗೆದು
ಮೇಜಿನ ಮೇಲೆ ಉರುಳಿಸಿದರು.

ಗುರುವಾರ ನಮ್ಮಪ್ಪನ ದೋಣಿ ಬಂತು, ಹನ್ನೆರಡು ದಿನದ ಮೇಲೆ.
ದಕ್ಕೆಯಿಂದ ಮನೆಗೆ ನಾಲ್ಕು ಬೀದಿ,
ನಡುವೆ ಮೂರು ಬಾರು.
ಗಾಡಿ ನಿಂತಾಗ ಗಂಟೆ ಎರಡು.
ಬಾಗಿಲು ಬಡಿಯಿತು. ಇನ್ನೊಮ್ಮೆ ಬಡಿಯಿತು.
ಕತ್ತಲಲ್ಲಿ ಗೋಡೆ ಕಡೆ ಹೊರಳುವಾಗ ಕೇಳಿಸಿತು
ಪಕ್ಕದ ಹಾಸಿಗೆಯಲ್ಲಿ ಝುಲ್ಮೀರಾಳ ಉಸಿರು,
ಉದ್ದಕ್ಕೆ, ಸಮನಾಗಿ.
ತೀರಾ ಸಮನಾಗಿ.

ಎಷ್ಟು ವರ್ಷದಿಂದಲೋ.

ಕೈ ಚಾಚಿ ಅವಳ ಹೊದಿಕೆಯ ಅಂಚು ಹಿಡಿದೆ.
'ಏಯ್,' ಅಂದೆ ಪಿಸುಮಾತಲ್ಲಿ,
'ನಿನಗೂ ಜ್ವರವಾ?'